ಗುರುತಿನಾಕಿ

ಧಾರಾವಾಹಿ ನಡೀವಾಗ ನಮ್ಮಪ್ಪ
ಅಂಗೈಯಾಗ ಸುಣ್ಣ ತಂಬಾಕ ತಿಕ್ಕೋತ
ಬಾಗಲ ಕಡಿ ನೋಡ್ತಾನ.
ಜಾಹೀರಾತು ಬಂತಂದ್ರ
ಖುರ್ಚಿ ಎಳಕೊಂಡು ಮುಂದ ಬರ್ತಾನ.

ನಾವೆಲ್ಲ ಏಳೋದೇ ಆಗ.
ಅವ್ವ ರೊಟ್ಟಿ ತಿರುವಲಿಕ್ಕ, ತಮ್ಮ ಉಚ್ಚಿಗಿ,
ನಾ ನಳ ಬಂತೇನು ನೋಡಲಿಕ್ಕ.
ಜಗದೇವಿ ಕಾಕಿ ಬೈಕೋತ ಏಳ್ತಾಳ:
"ಈ ಎಡವಟ್ಟೈಜಿನವರ ಬಾಯಿಗಿ ಬೆಂಕಿ ಹಚ್ಚ,
ಸೊಸಿ ಹಾಲಿನಾಗ ವಿಷ ಹಾಕ್ಯಾಳೋ ಇಲ್ಲೋ
ಹೇಳೂಕ್ಕಿಂತ ಮೊದಲೇ
ಹಲ್ಲು ತೋರಸ್ತಾರ!"

ಶಹಾಬಾದದ ಫರಸಿ ಕೊಯ್ಯೋ ಮಷೀನು
ಇಪ್ಪತ್ತೆರಡು ವರ್ಷ ಅಪ್ಪನ ಕಿವಿಯೊಳಗ ತಿರುಗಿ
ಒಂದಿನ ನಿಂತುಬಿಟ್ಟಿತು.
ಮಷೀನು ಕೆಟ್ಟಿದ್ದಿಲ್ಲ.

ಅವತ್ತಿನಿಂದ ಧಾರಾವಾಹಿ ಅಂದ್ರ ಅವಗ ಬರೇ ಬಾಯಿ,
ತೆರಿಯೋ ಬಾಯಿ, ಮುಚ್ಚೋ ಬಾಯಿ,
ನಡುನಡುವ ಕಣ್ಣೀರು.
ಜಾಹೀರಾತು ಹಂಗಲ್ಲ.
ಅಂಗಿಗಿ ಕೆಸರ ಹತ್ತತದ, ಒಗೀತಾರ, ಬೆಳ್ಳಗ ಆಗ್ತದ.
ಕೂಸು ಕೆಮ್ಮತದ, ಎದಿಗಿ ಏನೋ ತಿಕ್ಕತಾರ, ಮಲಗತದ.
ಅರ್ಧ ನಿಮಿಷದಾಗ ಒಂದು ಮನಿ
ಕೆಟ್ಟು, ಸುಧಾರಿಸಿ, ನಗತದ.
"ಇವರು ನನ್ನ ಕಿವಿ ಕೇಳಂಗಿಲ್ಲ" ಅಂತಾನ ಅಪ್ಪ,
ಓಣಿಗೆಲ್ಲ ಕೇಳೂ ಹಂಗ.

ಅದರಾಗ ಒಬ್ಬಾಕಿ. ಎಡಗಲ್ಲದ ಮ್ಯಾಲ ಸಣ್ಣ ಮಚ್ಚಿ.
ಮೊದಲಿಗಿ ಸಾಬಾಣ ಹಿಡಕೊಂಡು ಬಂದಿದ್ದಳು, ಕೂದಲ ಹಾರಿಸಿಕೋತ.
ಅಕ್ಕನ ಲಗ್ನದ ವರ್ಷ ತೊಗರಿಬ್ಯಾಳಿ ಪಾಕೀಟು ಹಿಡದಳು.
"ಈಕಿದೂ ಲಗ್ನ ಆಗ್ಯಾದ, ತಾಳಿ ನೋಡು" ಅಂದ ಅಪ್ಪ.
"ಬ್ಯಾಳಿ ಮಾತ್ರ ನಮ್ಮ ಕಡಿದಲ್ಲ."
ಆಮ್ಯಾಲ ಹುಡುಗರ ಟಿಫಿನ್ ಡಬ್ಬಿ ಕಟ್ಟಿದಳು.
ನಡುವ ನಾಕೈದು ವರ್ಷ ಕಾಣಲೇ ಇಲ್ಲ;
ಅಪ್ಪ ಚಾನೆಲ್ ತಿರುವಿ ತಿರುವಿ
ರಿಮೋಟಿನ ಅಂಕಿ ಅಳಿಸಿದ.

ಹೋದ ದೀಪಾವಳಿ ಮುಂದ ಬಂದಳು.
ಮೊಣಕಾಲ ಎಣ್ಣಿ. ಹಣಿ ಮ್ಯಾಲ ಬಿಳಿಗೂದಲ.
ಮೆಟ್ಟಲ ಹತ್ತಲಾರದ ಗ್ವಾಡಿ ಹಿಡದು ನಿಂತಿದ್ದಳು.
ಅಪ್ಪನ ಕೈ ತಾನೇ ಹೋಗಿ
ತನ್ನ ಮೊಣಕಾಲ ಮ್ಯಾಲ ಕುಂತಿತು.

ಮರುದಿನ ಸ್ಟೇಷನ್ ರೋಡಿನ ಮೆಡಿಕಲ್‌ನಿಂದ
ಆ ಎಣ್ಣಿ ತಂದ. ಜಲ್ಮದಾಗ ಮೊದಲ ಸಲ
ಟಿ.ವಿ. ನೋಡಿ ತಂದ ಸಾಮಾನು.
"ನೂರಾ ನಲವತ್ತು ರೂಪಾಯಿ!" ಅವ್ವ ಶೀಶಿ ತಿರುವಿ ತೋರಿಸಿದಳು.
"ಗುರುತಿನಾಕಿ ಹೇಳ್ಯಾಳ" ಅಂದ.

ಎಣ್ಣಿ ಅರ್ಧ ಆಯಿತು. ಕಾಲು ಇದ್ದಂಗ ಅದ.
ಕಾಕಿ ನಗಲಿಕ್ಕ ಬಾಯಿ ತೆರದಳು.
ಅಪ್ಪ ಬಾಯಿ ನೋಡೇ ತಿಳಕೊಂಡ:
"ಆಕಿಗಿ ಯಾಕ ಬೈತಿ?
ಆಕಿಗೂ ಕಡಿಮಿ ಆಗಿಲ್ಲ. ನಗೋದು ನೋಡಿದ್ರ ತಿಳೀತದ."

ಅವತ್ತು ನಡುವ ಬಿಟ್ಟಾಗ ನಾ ಏಳಲಿಲ್ಲ.
ಒಳಗ ರೊಟ್ಟಿ ಸೀಯೋ ವಾಸನಿ.
ಧ್ವನಿ ಪೂರಾ ಇಳಿಸಿ
ಅಪ್ಪನ ಮಗ್ಗಲ ನೆಲದ ಮ್ಯಾಲ ಕುಂತೆ.
ಆಕಿ ಎಣ್ಣಿ ತಿಕ್ಕೊಂಡಳು. ಮೆಟ್ಟಲ ಹತ್ತಿದಳು.
ಮ್ಯಾಲ ನಿಂತು, ಮೊಮ್ಮಗನ ತೆಕ್ಕೀಗಿ ತಗೊಂಡು, ನಕ್ಕಳು.

ಖರೇ ಅದ.
ಒಂದು ಕೈ ಇನ್ನೂ
ಗ್ವಾಡಿ ಬಿಟ್ಟಿದ್ದಿಲ್ಲ.