ಬೀದಿಯೊಳಗೆ ಮೊದಲು ಕೂಡಿಸು

ಗ್ರಿಮ್ಸ್‌ಬಿಯಲ್ಲಿ ನಾಲ್ಕಕ್ಕೇ ಕತ್ತಲು.
ಕೌನ್ಸಿಲ್ ಕಚೇರಿಯ ಮೂರನೇ ಮಹಡಿಯಲ್ಲಿ ಹೀಟರು ಕೆಮ್ಮುತ್ತಿದೆ.
ಪರದೆಯ ಮೇಲೆ ಎರಡು ಸಾವಿರದ ನಾನೂರ ಹನ್ನೊಂದು ಜನ,
ತಲೆಗೊಂದು ಸಾಲು.

ಪ್ರಶ್ನೆ ಸಣ್ಣದು:
ಸಂಜೆ ತರಗತಿಗೆ ಹೋದವರ ಸಂಬಳ ಏರಿತೇ?
ಆದರೆ ಹೋಗುವ ಛಲ ಇದ್ದವರಿಗೆ
ಹೋಗದೆಯೂ ಏರುತ್ತಿತ್ತೇನೋ.
ಅದಕ್ಕೇ ಬಸ್ಸು ಹಿಡಿದೆ:
ಮನೆಬಾಗಿಲಿಂದ ಒಂಬತ್ತನೇ ನಂಬರಿನ ಸ್ಟಾಪಿಗೆ ಎಷ್ಟು ಹೆಜ್ಜೆ?
ಬಸ್ಸಿಗೆ ಯಾರ ಛಲವೂ ಗೊತ್ತಿಲ್ಲ.

ಹೆಜ್ಜೆಯಿಂದ ತರಗತಿಯನ್ನು ಊಹಿಸಿದೆ,
ಊಹೆಯಿಂದ ಸಂಬಳವನ್ನು.
ಎರಡು ಹಂತ, ಎರಡೂ ಕೈಯಾರೆ.
ಗುಣಾಂಕ ಬಂತು, ಪಾಯಿಂಟ್ ಸೊನ್ನೆ ಎಂಟು ಒಂದು,
ಪಕ್ಕದಲ್ಲಿ ಮೂರು ಚುಕ್ಕಿ
ಮೂಗುತಿಯ ಹಾಗೆ ಮಿನುಗುತ್ತ.

ಗ್ಲೆಂಡಾ ಸ್ಟಾಥರ್ ಬಂದು ಕನ್ನಡಕ ಹಣೆಗೇರಿಸಿದಳು.
ಮಾರ್ಚಿಗೆ ಅವಳ ನಿವೃತ್ತಿ.
‘ಇಳಿಜಾರು ಸರಿ ಇದೆ. ತಪ್ಪನ್ನು ಅಳೆದದ್ದೇ ತಪ್ಪು.
ಉಳಿಕೆಯನ್ನು ಊಹೆಯಿಂದ ಕಳೆದು ತೆಗೆದಿದ್ದೀಯ.
ಊಹೆ ಯಾವತ್ತು ಬಸ್ಸು ಹತ್ತಿತ್ತು?
ಮಳೆಯಲ್ಲಿ ಹೋಗಿ ಬೆಂಚಿನ ಮೇಲೆ ಕೂತವರನ್ನು ವಾಪಸು ತಾ,
ಆಮೇಲೆ ಕಳೆ.’

ದಾರಿಯನ್ನು ನೆರಳಿನ ಹತ್ತಿರ ಕೇಳಬಹುದು;
ಎಷ್ಟು ತಪ್ಪಿದೆ ಅನ್ನುವುದನ್ನು
ಆಳನ್ನೇ ಕೇಳಬೇಕು.

ಅಷ್ಟಕ್ಕೇ ಬಿಡಲಿಲ್ಲ.
‘ಇವರೆಲ್ಲ ಬೇರೆ ಬೇರೆ ಅಂತ ಯಾರು ಹೇಳಿದ್ದು?
ಗಾರ್ತ್ ಬೀದಿಯಲ್ಲಿ ಮೂವತ್ತೊಂದು ಮನೆ.
ಮೀನು ಸೀಳುವ ಶೆಡ್ಡು ಮುಚ್ಚಿದ ದಿನ
ಮೂವತ್ತೊಂದಕ್ಕೂ ಒಂದೇ ಟಪಾಲಿನಲ್ಲಿ ಒಂದೇ ಕಾಗದ.
ಅದನ್ನು ಮೂವತ್ತೊಂದು ಸಾಕ್ಷಿ ಅಂತ ಎಣಿಸುತ್ತೀಯಾ?’

ಒಂದೇ ಬಾವಿಯ ನೀರು.
ಕೊಡ ಎಷ್ಟಾದರೇನು.

ಕುರ್ಚಿ ಎಳೆದು ಕೂತು, ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನೇ ಬಿಚ್ಚಿ ತೋರಿಸಿದಳು:
ಮೇಲಿನ ಬ್ರೆಡ್ಡು ಊಹೆಯದು, ಕೆಳಗಿನದೂ ಊಹೆಯದೇ,
ನಡುವಿನದು ಮಾತ್ರ ನಿಜದ್ದು.
‘ಅಲ್ಲಿ, ವರ್ಗ ಮಾಡುವ ಮುಂಚೆ
ಬೀದಿಯೊಳಗೆ ಮೊದಲು ಕೂಡಿಸು.
ಒಬ್ಬರದು ಮೇಲೆ ಒಬ್ಬರದು ಕೆಳಗೆ ಇದ್ದರೆ ವಜಾ ಆಗುತ್ತದೆ.
ಎಲ್ಲರೂ ಒಟ್ಟಿಗೆ ಕುಸಿದಿದ್ದರೆ
ಕುಸಿದಷ್ಟೂ ಕಾಣಲಿ.’

ಕೂಡಿಸಿದೆ. ಬೀದಿ ಇಪ್ಪತ್ತಮೂರೇ.
ಇಪ್ಪತ್ತೆರಡರಿಂದ ಭಾಗಿಸಿ
ಇನ್ನೊಂದು ಚಿಟಿಕೆ ಸಂದೇಹ ಸೇರಿಸಿದೆ.

ಗುಣಾಂಕ ಕದಲಲಿಲ್ಲ.
ದೋಷ ಎರಡು ಪಟ್ಟು ದಾಟಿತು.
ಚುಕ್ಕಿ ಒಂದೊಂದಾಗಿ ಅಲ್ಲ, ಮೂರೂ ಒಟ್ಟಿಗೇ ಆರಿದವು,
ಅಂತರದ ಬಾಗಿಲು ಅಗಲವಾಗಿ
ಸೊನ್ನೆ ಒಳಗೆ ಬಂದು ಕೂತಿತು,
ಕರೆಯದ ನೆಂಟನ ಹಾಗೆ, ಚಪ್ಪಲಿ ಬಿಡದೆ.

ಗುರುವಾರ ಸಮಿತಿ. ಅವರಿಗೆ ಬೇಕಾದದ್ದು ‘ಹೌದು’,
ಸಿಗದಿದ್ದರೆ ‘ಇಲ್ಲ’: ತರಗತಿ ಮುಚ್ಚಲು ಅದೂ ಆದೀತು.
ನನ್ನ ಬಳಿ ಈಗ ಇರುವುದು ‘ಇರಬಹುದು’,
ಅದೂ ಬೀದಿ ಸುತ್ತಿ ಸವೆದದ್ದು.
ಅದನ್ನೇ ಟೈಪ್ ಮಾಡಿದೆ.

ಗ್ಲೆಂಡಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.
ಅವಳು ಗಾರ್ತ್ ಬೀದಿಯವಳು,
ಮೂವತ್ತನಾಲ್ಕರಲ್ಲಿ ಲೆಕ್ಕ ಕಲಿತದ್ದು
ಅದೇ ಸಂಜೆ ತರಗತಿಯಲ್ಲಿ ಎಂದು ಯಾರೋ ಹೇಳಿದ್ದರು.
‘ನಿಮ್ಮ ಸಂಬಳ ಏರಿತಾ?’ ಎಂದೆ.

‘ನಂದು ಒಂದೇ ಬೀದಿ ಕಣೋ’ ಎಂದಳು.
ಒಂಬತ್ತನೇ ನಂಬರು ಕೆಳಗೆ ಬಂದು ನಿಂತಿತ್ತು.