ಪಾವತಿ

ಕಾರ್ಬನ್ ಕಾಗದ ಇಟ್ಟು
ಪಾವತಿ ಬರೀಲಿಕ್ಕೆ ಕುಂತೀನಿ.
ಶಹಾಬಾದಿನ ಫರ್ಸಿ ಪಾಲಿಶ್ ಕೆಲಸಗಾರರ ಸಂಘ,
ತಗಡಿನ ಕೆಳಗ ಮೂರು ಕುರ್ಚಿ, ಒಂದಕ್ಕ ಕಾಲಿಲ್ಲ.
ಅದಕ್ಕ ಕಲ್ಲಿನ ತುಂಡು ಆನಿಸಿಟ್ಟೀವಿ.
ಕಲ್ಲಿಗೇನು ಬರ ಈ ಊರಾಗ.

ಹೋದ ವರ್ಷ ಇಪ್ಪತ್ತೊಂದು ದಿನ ಮಷೀನ್ ಬಂದ್ ಮಾಡಿ
ಬ್ರಾಸಿಗೆ ನಲವತ್ತು ರೂಪಾಯಿ ಏರಿಸಿದಿವಿ.
ಮಾಪಣ್ಣನ ಹೆಂಡತಿ ಆವಾಗ ಒತ್ತಿ ಇಟ್ಟ ಕಾಲುಂಗುರ
ಇನ್ನೂ ಬಿಡಿಸಿಲ್ಲ.
'ನಲವತ್ತು' ಅಂತ ಗೋಡೆ ಮ್ಯಾಲ ಸುಣ್ಣದಾಗ ಬರದೀವಿ,
ಮಳಿಗೆ ಕೊನೀ ಅಕ್ಷರ ಕರಗ್ಯಾದ.

ಈಗ ಮಾಲಕ ಜಗಳಕ್ಕ ಬರೂದಿಲ್ಲ. ನಗತಾನ.
ವಾಡಿ ಸ್ಟೇಶನ್ನಿನ ಹೊರಗ ಟೆಂಪೋ ನಿಂದರಿಸಿ
ಪಲಾಮು ಕಡಿಂದ ಬಂದ ಹದಿನಾಲ್ಕು ಹುಡುಗರನ್ನ
ಫರ್ಸಿ ಎಣಿಸಿದಂಗ ಎಣಿಸಿ ತಂದಾನ.
ಬ್ರಾಸಿಗೆ ಅರವತ್ತು ಕಮ್ಮಿ ಅಂತ.
ನಮ್ಮ ಹಳೇ ರೇಟಿಗಿಂತಾನೂ ಇಪ್ಪತ್ತು ಕೆಳಗ.
ಶೆಡ್ಡು ಅವಂದು, ಜ್ವರ ಬಂದ್ರ ಅವರದು.

ಮೀಟಿಂಗಿನಾಗ ದೇವಲಾ ರಾಠೋಡ ಎದ್ದ:
'ಗಾಡಿ ಹತ್ತಸರಿ ಅವರನ್ನ, ಬಂದ ದಾರಿ ತೋರಸರಿ.'
ಚಪ್ಪಾಳಿ ಬಿದ್ದವು. ನಾನೂ ಹೊಡದೆ.
ಠರಾವು ಬರದವ ನಾನೇ, ಅಕ್ಷರ ನನ್ನವೇ.
ದೇವಲಾನ ತಾಂಡಾದಾಗ ಈಗ ಎಷ್ಟು ಮನೀಗೆ ಬೀಗ ಅದಾವ
ಅಂತ ಯಾರೂ ಕೇಳಲಿಲ್ಲ.
ಅವನ ತಮ್ಮಂದಿರು ಮೂವರೂ ಪುಣೆದಾಗ ಗಿಲಾವು ಹಚ್ಚತಾರ,
ಅಲ್ಲಿಯವರಕಿಂತ ದಿನಕ್ಕ ನೂರು ಕಮ್ಮಿಗೆ.

ರಾತ್ರಿ ಆರು ಮಂದಿ ಶೆಡ್ಡಿಗೆ ಹೋದಿವಿ,
ಠರಾವು ನನ್ನ ಕಿಸೆದಾಗ,
ಇಮಾಮಸಾಬನ ಕೈಯಾಗ ಬಡಿಗಿ. ನಾಯಿ ಸಲುವಾಗಿ, ಅಂದ.
ಬಾಗಿಲಿಲ್ಲ, ಸಿಮೆಂಟ್ ಚೀಲ ಹೊಲಿದ ಪರದಾ.
ಹದಿಮೂರು ಮಂದಿ ಚಾದರ ಹೊದ್ದು ನಿದ್ದಿ ಬಂದವರಂಗ ಬಿದ್ದಿದ್ರು.
ಒಬ್ಬ ಮಾತ್ರ ಬೆರಳಿಗೆ ಸೈಕಲ್ ಟ್ಯೂಬ್ ಸುತ್ತಿಕೊಂಡು
ಹಿಟ್ಟು ನಾದತಿದ್ದ.
ಪಾಲಿಶ್ ನೀರಿಗೆ ಉಗುರು ಹೋಗ್ಯಾವ.
ನನ್ನ ಕೈ ನಾನು ಬೆನ್ನ ಹಿಂದ ಮುಚ್ಚಿಕೊಂಡೆ,
ಯಾಕೋ ಗೊತ್ತಿಲ್ಲ.

'ರೇಟ್ ಎಷ್ಟು ಹೇಳ್ಯಾರ ನಿಮಗ?'
ಮಾಪಣ್ಣ ತನ್ನ ಮುರುಕು ಹಿಂದಿಯೊಳಗ ಕೇಳಿದ.
ಹುಡುಗ ಗೋಡೆ ತೋರಿಸಿದ.
ಇದ್ದಲಿ ಗೆರಿಗಳು, ದಿನಕ್ಕೊಂದು. ಮತ್ತೇನೂ ಇಲ್ಲ.
'ಊರಿಗೆ ಹೋಗುವಾಗ ಕೊಡತೀನಿ ಅಂದಾನ ಮುಕಾದಮ.'

ಅಂದ್ರ ಅರವತ್ತು ಕಮ್ಮಿ ಅನ್ನೂದು
ಅವರಿಗೇ ಗೊತ್ತಿರಲಿಲ್ಲ!
ಮಾಲಕ ಅದನ್ನ ನಮಗಷ್ಟೇ ಹೇಳಿದ್ದ.

ಪಗಾರ ನೀರಲ್ಲ, ತಾನಾಗೇ ತಗ್ಗಿಗೆ ಹರೀಲಿಕ್ಕೆ.
ಯಾರೋ ಕಾಲುವಿ ತೋಡತಾರ.
ಸಲಿಕಿ ಯಾರ ಕೈಯಾಗ ಅದ ಅಂತ ಹುಡುಕುತ ಹೋದ್ರ
ಒಂದೊಂದು ಸಲ ನಮ್ಮ ಅಂಗೈಗೂ ಮಣ್ಣು ಹತ್ತಿರತದ.

ಹೊಳ್ಳಿ ಬರುವಾಗ ದಾರಿತುಂಬ ಜಗಳ.
'ಹತ್ತು ರೂಪಾಯಿ ಇಸ್ಕೊಂಡು ಸೇರಿಸಿಕೊಂಡ್ರ
ಅವರ ಹೊಟ್ಟಿನೂ ನಮ್ಮ ಕೊರಳಿಗೆ' ಅಂದ ಇಮಾಮಸಾಬ.
ಅವ ಅಂದದ್ದು ಸುಳ್ಳಲ್ಲ.
ದೇವಲಾ ಏನೂ ಅನ್ನಲಿಲ್ಲ. ಫೋನ್ ತೆಗೆದ,
ನೋಡಿದ, ಒಳಗಿಟ್ಟ.

ಮುಂಜಾನೆ ಆ ಹುಡುಗ ಒಬ್ಬನೇ ಬಂದಾನ.
ಇಗೋ, ಎದುರಿಗೇ ನಿಂತಾನ,
ಬೆವರಿಗೆ ಮೆತ್ತಗಾದ ಹತ್ತರ ನೋಟು ಹಿಡಕೊಂಡು.
ಹೆಸರು: ಸುಖದೇವ ಭುಇಯಾಂ.
'ಊರು' ಅನ್ನೂ ಮುಂದ ಛಾಪಖಾನಿಯವ
ಇಪ್ಪತ್ತು ವರ್ಷದ ಹಿಂದೇ 'ಶಹಾಬಾದ' ಅಂತ ಅಚ್ಚು ಹಾಕಿಬಿಟ್ಟಾನ.
ಪೆನ್ನು ಒಂದು ಗಳಿಗಿ ಅಲ್ಲೇ ನಿಂತಿತು.
ಹೊಡೆದು ಹಾಕಲಿಲ್ಲ.

ಪಾವತಿ ಹರಿದು ಕೊಟ್ಟೆ. ಹೊಳ್ಳಿಸಿ ಮಳ್ಳಿಸಿ ನೋಡಿದ,
ಕನ್ನಡ ಬರೂದಿಲ್ಲ ಅವಗ.
'ಇದರಾಗ ರೇಟ್ ಎಲ್ಲಿ ಬರದೀರಿ?' ಅಂದ.