ಹೆಸರು ಬದಲಿಸುವ ಕೂಲಿ

ಫುಜೈರಾದ ಹೊರಲಂಗರಿನಲ್ಲಿ
ಹಡಗಿನ ಹಿಂಬದಿಗೆ ಹಲಗೆ ಇಳಿಬಿಟ್ಟು
ಎರಡು ಹಗ್ಗಗಳ ನಡುವೆ ಕೂತಿದ್ದೇನೆ.
ಪಾದದ ಕೆಳಗೆ ಇಪ್ಪತ್ತು ಮೀಟರು ಗಾಳಿ,
ಅದರ ಕೆಳಗೆ ಎಣ್ಣೆಯ ಕೆನೆ ಕಟ್ಟಿದ ನೀರು,
ಬೆನ್ನ ಹಿಂದೆ ಹಜರ್ ಬೆಟ್ಟ
ಕಾವಲಿಯಲ್ಲಿ ಮರೆತ ರೊಟ್ಟಿಯ ಹಾಗೆ.

ಇವಳು ನನಗೆ ಗೊತ್ತು.
ಹೋದ ರಂಜಾನಿನಲ್ಲಿ ಇವಳು ಗೋಲ್ಡನ್ ಹೆರಾನ್,
ಅದಕ್ಕೂ ಮುಂಚೆ ಸೆಲೆಸ್ಟ್.
ಆಗ ತವರೂರು ಮೊರೊನಿ ಎಂದು ಬರೆದಿದ್ದೆ,
ಇವತ್ತು ಬಂಜುಲ್ ಎಂದು ಬರೆಯಬೇಕು.
ಆ ಊರಿನವರು ಯಾರೂ ಇವಳ ಮುಖ ನೋಡಿಲ್ಲ,
ಇವಳೂ ಅವರದನ್ನು.

ಗಂಗೊಳ್ಳಿಯಲ್ಲಿ ದೋಣಿಗೆ ಹೆಸರು ಬರೆಯುವ ದಿನ
ನಾನು ಮೀನು ಮುಟ್ಟುತ್ತಿರಲಿಲ್ಲ.
ಮೊದಲ ಅಕ್ಷರಕ್ಕೆ ಕಾಯಿ ಒಡೆಯುತ್ತಿದ್ದರು.
ಬಣ್ಣ ಒಣಗುವ ತನಕ
ದೋಣಿಯ ಯಜಮಾನ ಕೆಮ್ಮಲೂ ಹೆದರುತ್ತಿದ್ದ.
ಇಲ್ಲಿ ಮೂರು ಗಂಟೆಯಲ್ಲಿ ನಾಮಕರಣ ಮುಗಿಯಬೇಕು.
ತೊಟ್ಟಿಲಿಲ್ಲ, ಕಿವಿಯಲ್ಲಿ ಪಿಸುಗುಟ್ಟಲು
ಸೋದರತ್ತೆಯಿಲ್ಲ,
ಸಿಗರೇಟು ಪ್ಯಾಕಿನ ಬೆನ್ನ ಮೇಲೆ ಗೀಚಿದ ಹೆಸರೊಂದನ್ನು
ಮೇಸ್ತ್ರಿ ವರ್ಕಿ ಬುಟ್ಟಿಯಲ್ಲಿಟ್ಟು ಇಳಿಸುತ್ತಾನೆ.

ಯಾರೋ ಅಂದರಂತೆ, ಆ ದಂಡೆಯ ಎಣ್ಣೆ
ಯಾರೂ ಕೊಳ್ಳಕೂಡದು.
ಇನ್ಯಾರೋ ಅಂದರಂತೆ, ನೀನ್ಯಾರು ಹೇಳಲಿಕ್ಕೆ?
ವಾಷಿಂಗ್ಟನ್‌ನಲ್ಲಿ ಒಬ್ಬ ಪಟ್ಟಿ ಬರೆಯುತ್ತಾನೆ,
ಶಾನ್‌ದೊಂಗಿನ ಯಾವುದೋ ರೇವಿನಲ್ಲಿ ಇನ್ನೊಬ್ಬ
ಪೈಪು ಹಿಡಿದು ಕಾಯುತ್ತಾನೆ.
ಆ ಪಟ್ಟಿಗೂ ಈ ಪೈಪಿಗೂ ನಡುವೆ
ನನ್ನ ನಾಲ್ಕಿಂಚಿನ ಬ್ರಷ್ಷು.

ಮೊನ್ನೆ ಆಕಾಶಕ್ಕೇ ಹುಚ್ಚು ಹಿಡಿದಿತ್ತು.
ಯಾರು ಯಾರ ಕಣ್ಣಿಗೆ ಮಣ್ಣೆರಚಿದರೋ,
ನಮ್ಮ ಟಗ್ಗು ವಿಮಾನ ನಿಲ್ದಾಣದ ನಟ್ಟನಡುವೆ
ತೇಲುತ್ತಿದೆ ಎಂದು ಯಂತ್ರ ತೋರಿಸಿತು.
ಸಾರಂಗ ಮುಸಲ್ಲಮ್, ಸಲಾಲಾದ ಮುದುಕ,
ಪರದೆಗೆ ಒದ್ದೆ ಟವೆಲು ಹೊದಿಸಿ
ಮೂಗರಳಿಸಿ ದಡ ಹಿಡಿದ.
‘ಕೊಳೆತ ಬೂತಾಯಿ ಸುಳ್ಳು ಹೇಳುವುದಿಲ್ಲ’ ಎಂದ.

ಹನ್ನೊಂದಕ್ಕೆ ಬೂದು ಬಣ್ಣದ ಯುದ್ಧನೌಕೆಯೊಂದು ಹಾದುಹೋಯಿತು.
ಅದರ ಹೊಟ್ಟೆಗೆ ಹೆಸರಿಲ್ಲ, ಬರೀ ನಂಬರು.
ಡೆಕ್ಕಿನ ಮೇಲೆ ಹುಡುಗರು ಬಸ್ಕಿ ಹೊಡೆಯುತ್ತಿದ್ದರು,
ಒಬ್ಬ ಕೈಬೀಸಿದ.
ನನಗೆ ಕೈ ಖಾಲಿ ಇರಲಿಲ್ಲ, ಬ್ರಷ್ಷನ್ನೇ ಬೀಸಿದೆ.
ಅವನ ಅಲೆ ಬಂದು ನನ್ನ ಹಲಗೆ ತೂಗಿತು,
ಬಿಳಿ ಬಣ್ಣ ತೊಡೆಯ ಮೇಲೆ ಚೆಲ್ಲಿತು.

ಪಕ್ಕದಲ್ಲಿ ತುಕ್ಕು ಕೆರೆಯುವ ಜರ್ವಲಿಗೆ ಕೇಳಿದೆ,
‘ಇವರಿಬ್ಬರಲ್ಲಿ ಯಾರು ಗೆದ್ದರೆ ಒಳ್ಳೆಯದು?’
ಅವನು ಉಳಿ ನಿಲ್ಲಿಸಲಿಲ್ಲ.
‘ಶೇಷಾ, ನಿನ್ನ ಬಕೆಟ್ಟು ನೋಡಿಕೋ.’

ಸಾಯುವುದಿಲ್ಲ ಆದರೆ, ಬೆಸೆದ ಅಕ್ಷರ.
ಕೊರಿಯಾದ ಕಟ್ಟೆಯಲ್ಲಿ ಹುಟ್ಟಿದ ದಿನ
ಉಕ್ಕಿಗೆ ಉಕ್ಕು ಹಚ್ಚಿ ಕೊಟ್ಟ ಹೆಸರು
ಎಷ್ಟು ಬಳಿದರೂ ಉಬ್ಬಿಯೇ ಇದೆ.
ಸಂಜೆ ಬಿಸಿಲು ಓರೆಯಾದರೆ ದಡದಿಂದಲೇ ಓದಬಹುದು.
ಕಣ್ಣು ಮುಚ್ಚಿ ಬೆರಳಾಡಿಸಿ ನಾನು
ದಿನಾ ಓದುತ್ತೇನೆ. ಯಾರಿಗೂ ಹೇಳುವುದಿಲ್ಲ.
ಹೇಳಿದರೆ ವೀಸಾ.

ಇವತ್ತಿನ ಚೀಟಿಯಲ್ಲಿ ಮಾತ್ರ ತಪ್ಪಿತ್ತು.
ಹಾರ್ಮನಿ ಅಂತಿರಬೇಕು, ನಡುವಿನ ಎಂ ಬಿದ್ದುಹೋಗಿದೆ.
ಕೂಗಿ ಕೇಳಿದೆ.
ವರ್ಕಿ ಕಟಾಂಜನದ ಮೇಲಿಂದ ಬಗ್ಗಿ,
‘ಕಾಗದದಲ್ಲೂ ಹಾಗೇ ಅಚ್ಚಾಗಿದೆ,
ಬಾವುಟದವರೂ ಹಾಗೇ ಸಹಿ ಹಾಕಿದ್ದಾರೆ,
ತಪ್ಪೇ ಸರಿ, ಬರಿ’ ಎಂದ.

ಬರೆದೆ.
ಮೂವತ್ತು ವರ್ಷದ ಕೈ ಮಾತ್ರ, ನನ್ನನ್ನು ಕೇಳದೆ,
ನಡುವೆ ಒಂದಕ್ಷರದ ಜಾಗ ಬಿಟ್ಟಿತು.
ಅಲ್ಲಿ, ಹಸಿ ಕಪ್ಪಿನಡಿ,
ಹಳೆಯ ಹೆಸರಿನ ಯಾವುದೋ ಒಂದು ಅಕ್ಷರ
ಮೊಣಕೈ ಊರಿಕೊಂಡು ಕೂತಿದೆ.

ಜರ್ವಲಿ ಹಗ್ಗ ಎಳೆದ.
ಊಟದ ದೋಣಿ ಬಂತು.